ಬುದಯ್ಯಕ್ಕೆ ಬಸ್ ಉಂಟು

ಸೆಪ್ಟೆಂಬರ್‌ನ ಎರಡನೇ ಶುಕ್ರವಾರ ಮಧ್ಯಾಹ್ನ ಹನ್ನೆರಡೂವರೆಗೆ ನಾನು ಬುಸೈತೀನ್‌ನ ನಮ್ಮ ಫ್ಲಾಟಿನಿಂದ ಬುದಯ್ಯಕ್ಕೆ ಹೊರಟೆ. ದೂರ ಇಪ್ಪತ್ತು ಕಿಲೋಮೀಟರ್‌ ಆಸುಪಾಸು. ಕಾರಿನಲ್ಲಾದರೆ ಅರ್ಧ ಗಂಟೆ. ಕಾರು ಕೆಳಗೆ ನೆರಳಿನಲ್ಲಿ ನಿಂತಿತ್ತು, ಟ್ಯಾಂಕಿನಲ್ಲಿ ಪೆಟ್ರೋಲೂ ಇತ್ತು, ಕೀಲಿ ಗೋಡೆಯ ಮೊಳೆಯಲ್ಲಿ ನೇತಾಡುತ್ತಿತ್ತು. ಆದರೂ ಬಸ್ಸಿನಲ್ಲಿ ಹೋದೆ. ಬಹರೈನಿಗೆ ಬಂದು ಇಪ್ಪತ್ತೆರಡು ವರ್ಷವಾದ ಮೇಲೆ ನಾನು ಇಲ್ಲಿ ಹತ್ತಿದ ಮೊದಲ ಬಸ್ಸು ಅದು. ಊರಿನಲ್ಲಿ ಕುಳಿತು ಇದನ್ನು ಓದುವವರಿಗೆ ನಗು ಬರಬಹುದು. ನನಗೆ ಸಿಟ್ಟು ಬಂತು, ಅದು ಇನ್ನೂ ಇಳಿದಿಲ್ಲ.

ಕರಾವಳಿಯ ಕ್ರೈಸ್ತರಾದ ನಮಗೆ ಸೆಪ್ಟೆಂಬರ್ ಎಂದರೆ ಮೊಂತಿ ಫೆಸ್ತ್, ಅಂದರೆ ತೆನೆ ಹಬ್ಬ. ಚರ್ಚಿನಲ್ಲಿ ಆಶೀರ್ವದಿಸಿದ ಹೊಸ ಭತ್ತದ ಕಾಳು ಸುಲಿದು, ಪುಡಿ ಮಾಡಿ, ತೆಂಗಿನ ಹಾಲು ಬೆಲ್ಲದಲ್ಲಿ ಕಲಸಿ, ಮನೆಯ ಹಿರಿಯರು ಎಲ್ಲರಿಗೂ ಒಂದೊಂದು ಚಮಚ ಕೊಡುತ್ತಾರೆ. ಅದಕ್ಕೆ ನೊವೆಂ ಎನ್ನುತ್ತೇವೆ. ಅದು ನಾಲಿಗೆಗೆ ತಾಗುವ ತನಕ ಯಾರೂ ಊಟಕ್ಕೆ ಕೈ ಹಾಕುವಂತಿಲ್ಲ. ದೂರದಲ್ಲಿರುವವರಿಗೆ ನಾಲ್ಕು ಕಾಳು ಕಾಗದದಲ್ಲಿ ಕಟ್ಟಿ ಕಳಿಸುವ ಪದ್ಧತಿ ನಮ್ಮ ಅಜ್ಜಿಯರ ಕಾಲದಿಂದ ಇದೆ. ಈ ಸಲ ಶಿರ್ವದಿಂದ ನನ್ನ ತಮ್ಮ ಕಳಿಸಿದ ತೆನೆ, ರಜೆ ಮುಗಿಸಿ ಬರುತ್ತಿದ್ದವರೊಬ್ಬರ ಕೈಚೀಲದಲ್ಲಿ ಮಂಗಳೂರಿನ ವಿಮಾನ ಹತ್ತಿ ಸಮುದ್ರ ದಾಟಿ ಒಂದೇ ದಿನದಲ್ಲಿ ನನ್ನ ಮೇಜಿಗೆ ಬಂದಿತ್ತು. ಅಲ್ಲಿಂದ ಬುದಯ್ಯಕ್ಕೆ ಹೋಗುವುದೇ ದೊಡ್ಡ ಕೆಲಸವಾಯಿತು.

ಬುದಯ್ಯದಲ್ಲಿರುವುದು ಸೆವ್ರಿನಕ್ಕ. ನನ್ನ ದೊಡ್ಡಮ್ಮನ ಮಗಳು, ವಯಸ್ಸು ಅರವತ್ತರ ಹತ್ತಿರ. ಒಂದು ವಿಲ್ಲಾದಲ್ಲಿ ಹಾಸಿಗೆ ಹಿಡಿದ ಮುದುಕಿಯೊಬ್ಬರನ್ನು ನೋಡಿಕೊಳ್ಳುವ ಕೆಲಸ. ನನ್ನ ಮಕ್ಕಳನ್ನು ಬಿಟ್ಟರೆ ನನಗೆ ಈ ದ್ವೀಪದಲ್ಲಿರುವ ರಕ್ತಸಂಬಂಧ ಅವಳೊಬ್ಬಳೇ, ಮತ್ತು ಅವಳೇ ಹಿರಿಯಳು. ಹನ್ನೊಂದು ವರ್ಷದಿಂದ ನಮ್ಮ ಮನೆಯಲ್ಲಿ ನೊವೆಂ ಚಮಚ ಹಿಡಿಯುತ್ತಿದ್ದವಳು ಅವಳೇ. ಶುಕ್ರವಾರ ಇಲ್ಲಿ ವಾರದ ರಜೆ; ಬೆಳಿಗ್ಗೆ ಎಂಟರಿಂದ ಒಂದರ ತನಕ ಅವಳಿಗೆ ಬಿಡುವು. ಯಾರಾದರೂ ಕಾರಿನಲ್ಲಿ ಕರೆತಂದರೆ ಪೂಜೆ, ನೊವೆಂ, ಎರಡು ತುತ್ತು ಊಟ ಮುಗಿಸಿ ಒಂದಕ್ಕೆ ವಾಪಸ್ ಬಿಡಲು ಸಮಯ ಸಾಕಾಗುತ್ತಿತ್ತು.

ಆ ಯಾರಾದರೂ ಯಾರು ಎಂದು ಗೊತ್ತುಮಾಡುವವನು ನಾನು. ನಮ್ಮ ಊರಿನ ಹನ್ನೆರಡು ಕುಟುಂಬಗಳ ವಾಟ್ಸಾಪ್ ಗುಂಪಿನಲ್ಲಿ ಹಬ್ಬಕ್ಕೆ, ಮದುವೆಗೆ, ಶಿಲುಬೆಯ ಹಾದಿಗೆ ಒಂದು ಪಿಕಪ್ ಲಿಸ್ಟ್ ಹಾಕುತ್ತೇನೆ. ಕಾರಿಲ್ಲದವರ ಹೆಸರಿನ ಎದುರು ಕಾರಿದ್ದವರ ಹೆಸರು. ಇಲ್ಲಿ ನಮ್ಮ ಭಕ್ತಿ, ಬಂಧುತ್ವ ಎಲ್ಲ ಈ ಲಿಸ್ಟಿನ ಮೇಲೆಯೇ ನಡೆಯುವುದು. ಈ ವರ್ಷ ಪೆಟ್ರೋಲ್ ಬೆಲೆ ಏರಿತು. ಮುಮ್ತಾಜ್ ಎಂಬ ಮೇಲು ದರ್ಜೆಯ ಪೆಟ್ರೋಲ್ ಹಾಕಿಸುತ್ತಿದ್ದವರು ಅಗ್ಗದ ಜಯ್ಯಿದ್‌ಗೆ ಇಳಿದರು, ಆದರೆ ಕಾರಿನಿಂದ ಯಾರೂ ಇಳಿಯಲಿಲ್ಲ. ಇಳಿದದ್ದು ಪಕ್ಕದ ಸೀಟಿನವರು. ‘ನನ್ನ ದಾರಿಗೆ ಬರುವುದಿಲ್ಲ,’ ‘ಈ ಸಲ ಬೇರೆ ಯಾರಿಗಾದರೂ ಹೇಳು,’ ಹೀಗೆ ಒಂದೊಂದೇ ಹೆಸರು ಲಿಸ್ಟಿನಿಂದ ಜಾರಿತು. ಹಬ್ಬದ ಲಿಸ್ಟಿನಲ್ಲಿ ಬುದಯ್ಯದ ಎದುರು ಯಾರೂ ಕೈ ಎತ್ತಲಿಲ್ಲ. ನಾನು ಅಡುಗೆಯ ಸಾಮಾನು ಹೊರಬೇಕಿತ್ತು, ನನ್ನದೂ ಆಗಲಿಲ್ಲ. ಆಗ ಅಲ್ಲಿ ಬರೆದೆ: ‘ಬುದಯ್ಯ: ಬಸ್ ಉಂಟು.’ ಗೂಗಲ್ ನಕ್ಷೆಯಲ್ಲಿ ನೋಡಿಯೇ ಬರೆದದ್ದು, ಸುಳ್ಳೇನೂ ಅಲ್ಲ.

ಶುಕ್ರವಾರ ಹನ್ನೊಂದಕ್ಕೆ ಬರಲಾದವರೆಲ್ಲ ನಮ್ಮ ಮನೆಯಲ್ಲಿ ಸೇರಿದೆವು. ಹನ್ನೊಂದೂವರೆಗೆ ಅಕ್ಕನ ಫೋನ್ ಬಂತು. ಬರಲಿಕ್ಕೆ ಆಗಲಿಲ್ಲ, ಕಾಯಬೇಡಿ, ನೊವೆಂ ನೀನೇ ಕೊಡು ಎಂದಳು. ಯಾಕೆ ಎಂದು ಹೇಳಲಿಲ್ಲ, ನಾನೂ ಕೇಳಲಿಲ್ಲ. ಹೆಂಡತಿ ಐರಿನ್ ಫೋನ್ ಕಸಿದುಕೊಂಡು ಊಟ ಆಯಿತಾ ಎಂದು ಕೇಳಿದಳು. ನೊವೆಂ ಇಲ್ಲದೆ ಹೇಗೆ ತಿನ್ನುವುದು ಎಂದು ಅಕ್ಕ ನಕ್ಕದ್ದು ನನಗೂ ಕೇಳಿಸಿತು. ನಾನು ಚಮಚ ಹಿಡಿದು ಹದಿನಾಲ್ಕು ಜನರಿಗೆ ಕೊಟ್ಟೆ. ಕೈ ನನ್ನದಲ್ಲ ಎನಿಸುತ್ತಿತ್ತು.

ಬಾಳೆಲೆ ಹಾಸುವಾಗ ಹಿಲರಿ ಶುರುಮಾಡಿದ. ಜುಫೈರ್‌ನಲ್ಲಿರುವ ಹಿಲರಿ ನನ್ನ ಶಾಲೆಯ ಗೆಳೆಯ, ಒಳ್ಳೆಯವನೇ, ಏಳು ಸೀಟಿನ ಕಾರು ಇಟ್ಟುಕೊಂಡಿದ್ದಾನೆ. ಪೆಟ್ರೋಲ್ ಹೀಗೆ ಏರಿದರೆ ಮನುಷ್ಯ ಬದುಕುವುದು ಹೇಗೆ ಎಂದು ಹತ್ತು ನಿಮಿಷ ಗೋಳಾಡಿದ. ಆಮೇಲೆ ಅಕ್ಕನ ವಿಷಯ ಬಂದಾಗ ಹೇಳಿದ, “ಬಸ್ ಉಂಟಲ್ಲ ಮಾರಾಯ. ಬರುವ ಮನಸ್ಸಿದ್ದರೆ ಬರಬಹುದಿತ್ತು.”

ಐರಿನ್ ಬಡಿಸುವ ಸೌಟನ್ನು ಪಾತ್ರೆಯಲ್ಲೇ ಬಿಟ್ಟಳು. ಅವಳು ಹಿಲರಿಯನ್ನು ನೋಡಲಿಲ್ಲ, ನನ್ನನ್ನು ನೋಡಿದಳು. “ಬಸ್ ಉಂಟು ಅಂತ ಬರ್ದವರು ನೀವು. ನೊವೆಂ ನೀವೇ ತಕೊಂಡು ಹೋಗಿ. ಬಸ್ಸಲ್ಲೇ ಹೋಗಿ.”

ಅಕ್ಕ ನೋಡಿಕೊಳ್ಳುವ ಅಜ್ಜಿ ಮಧ್ಯಾಹ್ನ ಎರಡರಿಂದ ನಾಲ್ಕರ ತನಕ ಮಲಗುತ್ತಾರೆ, ಆಗ ಅಕ್ಕನಿಗೆ ಬಿಡುವು, ನಾಲ್ಕಕ್ಕೆ ಮತ್ತೆ ಒಳಗೆ ಹೋಗಬೇಕು. ಮೂರೂವರೆ ಗಂಟೆ ಇದೆ, ಇಪ್ಪತ್ತು ಕಿಲೋಮೀಟರಿಗೆ ಅಷ್ಟು ಸಾಲದೇ ಎಂದುಕೊಂಡೆ. ಒಂದು ಡಬ್ಬಿಯಲ್ಲಿ ನೊವೆಂ, ಇನ್ನೊಂದರಲ್ಲಿ ಏಳು ಬಗೆಯ ತರಕಾರಿಯ ಊಟ, ನಡುವೆ ಐಸಿನ ಪೊಟ್ಟಣ. ಉಣ್ಣದೆಯೇ ಮೆಟ್ಟಿಲು ಇಳಿದೆ.

ಬಸ್ ಸ್ಟಾಪಿಗೆ ಹದಿನೈದು ನಿಮಿಷ ನಡೆಯಬೇಕು ಎಂಬುದು ನನಗೆ ನಡೆದ ಮೇಲೆ ತಿಳಿಯಿತು. ವಿಲ್ಲಾಗಳ ನಡುವಿನ ರಸ್ತೆಗೆ ಫುಟ್‌ಪಾತ್ ಇರಲಿಲ್ಲ. ಇದ್ದ ಕಡೆ ಅದರ ಮೇಲೆ ಕಾರು ನಿಂತಿತ್ತು. ಬಿಸಿಲು ನಲವತ್ತರ ಮೇಲೆ, ಸಮುದ್ರದ ತೇವ ಬೇರೆ. ಸ್ಟಾಪ್ ಎಂದರೆ ಒಂದು ಕಂಬ ಮತ್ತು ಅದರ ತುದಿಗೊಂದು ಫಲಕ. ದೊಡ್ಡ ರಸ್ತೆಗಳಲ್ಲಿ ಗಾಜಿನ ಗೂಡುಗಳನ್ನು ನೋಡಿದ್ದೆ, ನಮ್ಮ ಕಡೆ ಕಂಬ ಮಾತ್ರ. ಆ ಕಂಬದ ನೆರಳು ನನ್ನ ಅಂಗೈಯಷ್ಟೂ ಅಗಲವಿರಲಿಲ್ಲ.

ಅಲ್ಲಿ ಒಬ್ಬರು ಕಾಯುತ್ತಿದ್ದರು. ಪಂಜಾಬಿನ ಗಾರೆ ಮೇಸ್ತ್ರಿ, ಹೆಸರು ಗುರ್ಮೀತ್, ಐವತ್ತು ದಾಟಿದವರು. ಮಡಚಿದ ರಟ್ಟಿನ ಡಬ್ಬವೊಂದನ್ನು ತಲೆಯ ಮೇಲೆ ಹಿಡಿದಿದ್ದರು. ನನ್ನನ್ನು ಕಂಡು ರಟ್ಟನ್ನು ಬಿಚ್ಚಿ ಅಗಲ ಮಾಡಿದರು. ಇಬ್ಬರೂ ಅದರಡಿ ನಿಂತೆವು. ದಿರಾಜ್ ಎಂಬಲ್ಲಿ ತಮ್ಮನಿದ್ದಾನಂತೆ, ಬುದಯ್ಯಕ್ಕಿಂತ ಸ್ವಲ್ಪ ಮೊದಲು. ಎರಡು ವಾರಕ್ಕೊಮ್ಮೆ ನೋಡಲು ಹೋಗುತ್ತಾರೆ. ರಟ್ಟು ಮನೆಯಿಂದಲೇ ತರುವುದು; ಸ್ಟಾಪಿನಲ್ಲಿ ಕೊಡೆ, ಸ್ಟೇಷನ್ನಿನಲ್ಲಿ ಚಾಪೆ.

ಬಸ್ಸು ಮೂವತ್ತೈದು ನಿಮಿಷಕ್ಕೆ ಬಂತು. ನಾನು ಶಿರ್ವದಲ್ಲಿ ಬಸ್ಸಿನ ಬಾಗಿಲಿಗೆ ಜೋತುಬಿದ್ದು ಕಾಲೇಜು ಮುಗಿಸಿದವನು. ಅಲ್ಲಿ ಒಂದು ಬಸ್ಸು ಹೊರಡುವ ಮೊದಲೇ ಹಿಂದಿನದ್ದು ಹಾರ್ನ್ ಹೊಡೆಯುತ್ತದೆ, ಕಂಡಕ್ಟರ್ ಮುದುಕಿಯರನ್ನು ರಟ್ಟೆ ಹಿಡಿದು ಹತ್ತಿಸುತ್ತಾನೆ. ಇಲ್ಲಿ ಮೆಟ್ಟಿಲ ಮೇಲೆ ನಿಂತು ಐದು ದಿನಾರಿನ ನೋಟು ಚಾಚಿದೆ. ದಿನಾರಿಗೆ ಸಾವಿರ ಫಿಲ್ಸ್. ಟಿಕೆಟ್ ಮುನ್ನೂರು ಫಿಲ್ಸ್, ಚಿಲ್ಲರೆ ಕೊಡುವುದಿಲ್ಲ ಎಂದ ಚಾಲಕ. ಹಿಂದಿನಿಂದ ಗುರ್ಮೀತ್ ತಮ್ಮ ಬಸ್ ಕಾರ್ಡನ್ನು ಯಂತ್ರಕ್ಕೆ ಎರಡು ಸಲ ತಾಗಿಸಿದರು. ಇಪ್ಪತ್ತೆರಡು ವರ್ಷ ಈ ದೇಶದ ರಸ್ತೆಯನ್ನು ಅಂಗೈಯಂತೆ ಬಲ್ಲೆ ಎಂದು ಹೊಸಬರ ಮುಂದೆ ಜಂಬ ಕೊಚ್ಚಿದವನ ಟಿಕೆಟನ್ನು ಗಾರೆ ಮೇಸ್ತ್ರಿ ತೆಗೆದರು.

ಬಸ್ಸಿನ ಬಗ್ಗೆ ದೂರು ಹೇಳಿದರೆ ಪಾಪ ಬರುತ್ತದೆ. ಸೀಟು ಚೊಕ್ಕಟವಾಗಿತ್ತು, ಒಳಗೆ ತಂಪಾಗಿತ್ತು, ಚಾಲಕ ಎಲ್ಲೂ ಬ್ರೇಕ್ ಒದೆಯಲಿಲ್ಲ. ನಾವು ಒಂಬತ್ತು ಜನ ಇದ್ದೆವು. ನಮ್ಮ ಕಡೆಯ ಮುಹರ್ರಕ್ ಸುತ್ತಿ ಸೇತುವೆ ದಾಟುವಾಗ ಎತ್ತರದ ಸೀಟಿನಿಂದ ಕೆಳಗಿನ ಕಾರುಗಳ ಒಳಗು ಕಾಣುತ್ತಿತ್ತು. ಒಂದು ಕಾರಿಗೆ ಒಬ್ಬ, ಒಂದು ಕಾರಿಗೆ ಒಬ್ಬ. ಐದು ಸೀಟಿನಲ್ಲಿ ಒಬ್ಬ, ಏಳು ಸೀಟಿನಲ್ಲಿ ಒಬ್ಬ. ಇವರೆಲ್ಲ ಪೆಟ್ರೋಲ್ ತುಟ್ಟಿ ಎಂದು ಇವತ್ತೂ ಎಲ್ಲಾದರೂ ಊಟದ ಮುಂದೆ ಅತ್ತಿರುತ್ತಾರೆ. ಆ ಸಾಲಿನಲ್ಲಿ ದಿನವೂ ನನ್ನ ಕಾರೂ ಇರುತ್ತದೆ, ಅದರಲ್ಲೂ ಒಬ್ಬನೇ.

ಬಸ್ಸು ಬದಲಿಸಬೇಕಾದ ಮನಾಮದ ಸ್ಟೇಷನ್ ಸೇರಿದಾಗ ಎರಡು ಗಂಟೆ ಐದು ನಿಮಿಷ. ಬುದಯ್ಯದ ಬಸ್ಸು ಆಗಷ್ಟೇ ಹೊರಟು ಹೋಗಿತ್ತು, ಅದರ ಬೆನ್ನು ನಮಗೆ ಕಂಡಿತು. ಮುಂದಿನದಕ್ಕೆ ನಲವತ್ತು ನಿಮಿಷ. ಗುರ್ಮೀತ್ ರಟ್ಟು ಹಾಸಿ ಕುಳಿತರು. ನಾನು ಐಸಿನ ಪೊಟ್ಟಣ ಮುಟ್ಟಿ ನೋಡಿದೆ, ನೀರಾಗುತ್ತಿತ್ತು. ತೆಂಗಿನ ಹಾಲು ಈ ಸೆಕೆಯಲ್ಲಿ ಎಷ್ಟು ಹೊತ್ತು ತಾಳುತ್ತದೆ? ಅಲ್ಲಿ ಒಬ್ಬಳು ಹಸಿದು ಕುಳಿತಿದ್ದಾಳೆ, ಇಲ್ಲಿ ನಾನು ಫಲಕದ ಮೇಲಿನ ನಿಮಿಷ ಎಣಿಸುತ್ತಿದ್ದೇನೆ. ಟ್ಯಾಕ್ಸಿ ಹಿಡಿಯಲೇ ಎಂದು ಎದ್ದೆ, ಐರಿನ್ ಮುಖ ನೆನಪಾಗಿ ಕುಳಿತೆ.

ಸಿಟ್ಟಿನಲ್ಲಿ ಗುರ್ಮೀತ್ ಮುಂದೆಯೇ ಕೂಗಾಡಿದೆ. ನಿಮಗೆ ಕೋಪ ಬರುವುದಿಲ್ಲವೇ, ಅರ್ಧ ದಿನ ರಸ್ತೆಯಲ್ಲೇ ಹೋಗುತ್ತದಲ್ಲ ಎಂದೆ. ಅವರು ಹಿಂದಿಯಲ್ಲಿ ಹೇಳಿದರು, “ಸಾಬ್, ಬಸ್ಸಿಗೆ ದುಡ್ಡು ಕಡಿಮೆ ಬೇಕು, ದಿನ ಜಾಸ್ತಿ ಬೇಕು. ನಮಗೆ ವಾರಕ್ಕೆ ಇರುವುದೇ ಒಂದು ದಿನ.”

ಎರಡು ಮುಕ್ಕಾಲಿಗೆ ಹೊರಟೆವು. ಬುದಯ್ಯ ರಸ್ತೆ ನನಗೆ ಚೆನ್ನಾಗಿ ಗೊತ್ತು ಎಂದುಕೊಂಡಿದ್ದೆ. ಗೊತ್ತಿದ್ದದ್ದು ಅದರ ಅಂಗಡಿಗಳು, ಗಿಡ ಮಾರುವ ನರ್ಸರಿಗಳು, ಖರ್ಜೂರದ ತೋಟದ ಗೋಡೆಗಳು, ಸಿಗ್ನಲ್‌ಗಳು. ಪ್ರತಿ ಅರ್ಧ ಕಿಲೋಮೀಟರಿಗೆ ಒಂದು ಬಸ್ ಸ್ಟಾಪ್ ಇದೆ, ಪ್ರತಿಯೊಂದರಲ್ಲೂ ಒಬ್ಬಿಬ್ಬರು ನಿಂತಿರುತ್ತಾರೆ ಎಂಬುದು ಗೊತ್ತಿರಲಿಲ್ಲ. ಮನೆಕೆಲಸದವರು, ತೋಟದವರು, ಯೂನಿಫಾರ್ಮ್ ಹಾಕಿದ ನರ್ಸುಗಳು. ಗಂಟೆಗೆ ಎಂಬತ್ತರಲ್ಲಿ ಹೋಗುವವನಿಗೆ ನಿಂತವರು ಕಾಣುವುದಿಲ್ಲ. ಗುರ್ಮೀತ್ ದಿರಾಜ್‌ನಲ್ಲಿ ಇಳಿದರು. ರಟ್ಟನ್ನು ನನ್ನ ಕೈಗಿತ್ತು, ಮುಂದೆ ನೆರಳಿಲ್ಲ, ತಮ್ಮನ ಬಳಿ ಬೇರೆ ಇದೆ ಎಂದರು.

ನಾನು ಮೂರೂವರೆಗೆ ಇಳಿದೆ. ಅಕ್ಕನ ಕಾಂಪೌಂಡಿನ ಬಿಳಿ ಗೇಟು ರಸ್ತೆಯ ಆಚೆ ಎದುರಿಗೇ ಕಾಣುತ್ತಿತ್ತು. ಕಲ್ಲೆಸೆದರೆ ತಾಗುವಷ್ಟು ಹತ್ತಿರ. ನಡುವೆ ಎರಡೂ ಕಡೆ ಕಾರು, ಮಧ್ಯೆ ಕಬ್ಬಿಣದ ಬೇಲಿ. ದಾಟಲು ಸಿಗ್ನಲ್ ತನಕ ಹೋಗಬೇಕು, ಆಮೇಲೆ ಅಷ್ಟೇ ದೂರ ಹಿಂದೆ ಬರಬೇಕು. ಒಟ್ಟು ಹದಿನೈದು ನಿಮಿಷ, ತಲೆಯ ಮೇಲೆ ರಟ್ಟು, ಕೈಯಲ್ಲಿ ಡಬ್ಬಿ. ಈ ರಸ್ತೆ ಹಾಕಿದವರು ಕಾಲಿರುವ ಮನುಷ್ಯ ಇಲ್ಲಿ ಇಳಿಯುತ್ತಾನೆ ಎಂದು ಒಂದು ಕ್ಷಣ ನೆನೆದಿದ್ದರೆ ಒಂದು ದಾರಿ ಬಿಡುತ್ತಿದ್ದರು. ಬಾಯಿಗೆ ಬಂದಂತೆ ಬೈದೆ, ಕೊಂಕಣಿಯಲ್ಲಿ ಶುರುಮಾಡಿ ತುಳುವಿನಲ್ಲಿ ಮುಗಿಸಿದೆ. ಕೇಳುವವರು ಯಾರೂ ಇರಲಿಲ್ಲ, ಎಲ್ಲರ ಗಾಜು ಮೇಲಿತ್ತು.

ಗೇಟಿನ ಕಾವಲು ಕೋಣೆಯಲ್ಲಿ ಅಕ್ಕ ಕುಳಿತಿದ್ದಳು. ಹಬ್ಬದ ನೀಲಿ ಸೀರೆ ಉಟ್ಟಿದ್ದಳು, ಸೆರಗಿನ ಇಸ್ತ್ರಿ ಮುದುಡಿ ಹೋಗಿತ್ತು. ಕಾವಲುಗಾರ ರಫೀಕ್, ಸಿಲ್ಹಟ್ ಕಡೆಯವನು, ನನಗೆ ನೀರು ಕೊಟ್ಟು ಕುರ್ಚಿ ಬಿಟ್ಟುಕೊಟ್ಟ. ಗಡಿಯಾರದಲ್ಲಿ ಮೂರು ನಲವತ್ತೇಳು.

“ನೀನು ಬಸ್ಸಲ್ಲಿ ಬಂದದ್ದಾ?” ಅಕ್ಕ ಕೇಳಿದಳು. ನನ್ನ ಅಂಗಿ ನೋಡಿದ ಮೇಲೆ ಉತ್ತರ ಬೇಕಾಗಲಿಲ್ಲ.

ಡಬ್ಬಿ ತೆರೆದೆ. ತೆಂಗಿನ ಹಾಲು ಸ್ವಲ್ಪ ಒಡೆದಿತ್ತು, ಹುಳಿಯಾಗಿರಲಿಲ್ಲ. ಅವಳು ಮೂಸಿ ನೋಡಿ ಏನಾಗಿಲ್ಲ ಎಂದಳು. ಸೆರಗು ತಲೆಗೆ ಹಾಕಿ, ಶಿಲುಬೆ ಗುರುತು ಮಾಡಿ, ಮೊದಲ ಚಮಚ ನನ್ನ ಬಾಯಿಗೆ ಹಿಡಿದಳು. ನನಗೆ ಆಗಿದೆ ಎಂದೆ. ನಾನು ಕೊಟ್ಟಿಲ್ಲವಲ್ಲ ಎಂದಳು. ಎರಡನೆಯದು ರಫೀಕ್‌ಗೆ, ಹೊಸ ಅಕ್ಕಿ ಎಂದಾಗ ಅವನು ನಮ್ಮಲ್ಲೂ ಹೀಗೇ ಮಾಡುತ್ತಾರೆ ಎಂದು ಎರಡೂ ಕೈ ಒಡ್ಡಿ ತೆಗೆದುಕೊಂಡ. ಕೊನೆಯದನ್ನು ತಾನು ತಿಂದಳು. ಬೆಳಿಗ್ಗೆಯಿಂದ ಅವಳ ಹೊಟ್ಟೆಗೆ ಬಿದ್ದದ್ದು ಒಂದು ಲೋಟ ಕಪ್ಪು ಚಹಾ ಮಾತ್ರವಂತೆ.

ಊಟದ ಡಬ್ಬಿ ಬಿಚ್ಚುತ್ತ ನಾನು ಕೇಳಿದೆ, ಬೆಳಿಗ್ಗೆ ಯಾಕೆ ಬರಲಿಲ್ಲ ಎಂದು. ಆಗಲೇ ಕೇಳಬೇಕಾದ ಮಾತು.

“ಬಂದಿದ್ದೆ. ಮನಾಮದ ತನಕ ಬಂದಿದ್ದೆ. ನೀನು ಬಸ್ ಉಂಟು ಅಂತ ಬರ್ದಿದ್ದಿಯಲ್ಲ, ಹಾಗೆ ಹೊರಟೆ.” ಎಂಟಕ್ಕೆ ಸ್ಟಾಪಿಗೆ ಹೋಗಿದ್ದಳಂತೆ. ಬಸ್ಸು ಬಂದಾಗ ಒಂಬತ್ತು. ಮನಾಮದಲ್ಲಿ ಮುಹರ್ರಕ್ ಬಸ್ಸು ಕಾಯುತ್ತ ಬೆರಳಿನಲ್ಲಿ ಲೆಕ್ಕ ಹಾಕಿದಳು. ಬುಸೈತೀನ್ ತಲುಪಿದರೆ ಮುಖ ತೋರಿಸಿ ಹಾಗೆಯೇ ತಿರುಗಬೇಕು, ಆದರೂ ಒಂದಕ್ಕೆ ವಾಪಸ್ ಮುಟ್ಟಲಾಗದು. ಅಲ್ಲಿಂದಲೇ ಹಿಂದೆ ಬಂದಳು. ಫೋನ್ ಮಾಡಿದ್ದು ಹಿಂದೆ ಬರುವ ಬಸ್ಸಿನಿಂದ. ನಾನು ಬಿಸಿಲಲ್ಲಿ ಕಂಬದ ಬಳಿ ನಿಂತದ್ದು, ಬಸ್ಸಿನ ಬೆನ್ನು ನೋಡಿದ್ದು, ಬೇಲಿ ಸುತ್ತಿದ್ದು ಎಲ್ಲವನ್ನೂ ಅವಳು ಅದೇ ದಿನ ನನಗಿಂತ ಮೊದಲೇ ಹಬ್ಬದ ಸೀರೆಯಲ್ಲಿ ಮಾಡಿ ಮುಗಿಸಿದ್ದಳು.

ಫೋನಿನಲ್ಲಿ ಹೇಳಬಾರದಿತ್ತೇ, ಯಾರಾದರೂ ಮನಾಮಕ್ಕೆ ಬರುತ್ತಿದ್ದೆವಲ್ಲ ಎಂದೆ.

“ಪೆಟ್ರೋಲ್ ತುಟ್ಟಿ ಅಂತ ಎಲ್ಲರೂ ಗ್ರೂಪಲ್ಲಿ ಹಾಕ್ತಿದ್ದರಲ್ಲ ಬೆನ್ನಿ. ಕೇಳ್ಲಿಕ್ಕೆ ನಾಚಿಕೆ ಆಯ್ತು.” ಅವಳು ಕೆಸುವಿನ ದಂಟಿನ ಪಲ್ಯವನ್ನು ರಫೀಕ್‌ನ ತಟ್ಟೆಗೆ ಹಾಕಿದಳು. ಆಮೇಲೆ ಏನೋ ನೆನಪಾದವಳಂತೆ ಹೇಳಿದಳು, “ಚಳಿಗಾಲದಲ್ಲಿ ನೀನು ಇಲ್ಲಿಯ ಶನಿವಾರದ ತರಕಾರಿ ಸಂತೆಗೆ ಬರ್ತಿದ್ದಿ ಅಲ್ವಾ. ನಾನು ಕೋಲ್ಡ್ ಸ್ಟೋರ್ ಅಂಗಡಿಯಿಂದ ಹಾಲು ತರುವಾಗ ನಿನ್ನ ಕಾರು ಹೋಯ್ತು. ಎರಡು ಶನಿವಾರ ಕೈ ಎತ್ತಿದೆ. ಗ್ಲಾಸ್ ಹಾಕಿತ್ತು, ನಿನಗೆ ಗೊತ್ತಾಗ್ಲಿಲ್ಲ.”

ಇದರಲ್ಲಿ ಚುಚ್ಚುಮಾತು ಇರಲಿಲ್ಲ. ಇದ್ದಿದ್ದರೆ ನಾನು ಏನಾದರೂ ಸಬೂಬು ಹೇಳಿ ತಪ್ಪಿಸಿಕೊಳ್ಳುತ್ತಿದ್ದೆ. ಅಷ್ಟು ದೂರ ತಾಜಾ ಮೂಲಂಗಿಗೆ ಬಂದವನಿಗೆ ಇನ್ನೂರು ಗಜ ಮುಂದೆ ಇರುವ ಅಕ್ಕನ ಗೇಟು ನೆನಪಾಗಿರಲಿಲ್ಲ. ಆಗ ಪೆಟ್ರೋಲ್ ಇಷ್ಟು ಏರಿಯೂ ಇರಲಿಲ್ಲ.

ನಾಲ್ಕಕ್ಕೆ ಒಳಗಿನಿಂದ ಅಜ್ಜಿಯ ಗಂಟೆ ಕೇಳಿಸಿತು. ಅಕ್ಕ ಕೈ ತೊಳೆದು, ನೊವೆಂ ಡಬ್ಬಿ ತೊಳೆದು ಕೊಟ್ಟು, ಮಕ್ಕಳನ್ನು ಕೇಳಿದೆ ಅಂತ ಹೇಳು ಎಂದು ಒಳಗೆ ಹೋದಳು. ಹದಿಮೂರು ನಿಮಿಷದ ಹಬ್ಬ.

ವಾಪಸ್ ಬರುವ ಸ್ಟಾಪ್ ಗೇಟಿನ ಬದಿಯಲ್ಲೇ ಇತ್ತು. ಅಲ್ಲೂ ಕಂಬ. ರಟ್ಟು ಹಿಡಿದು ನಿಂತೆ. ಬಿಸಿಲು ವಾಲಿದ್ದರೂ ಡಾಂಬರಿನ ಶಾಖ ಕಾಲಿನಿಂದ ಏರುತ್ತಿತ್ತು. ನಿಂತು ನಿಂತು ನನ್ನ ಸಿಟ್ಟು ಯಾರ ಮೇಲೆ ಎಂದು ಹುಡುಕಿದೆ. ಬೆಲೆ ಏರಿಸಿದವರ ಮೇಲೆ ಇತ್ತು. ಕಾರು ಬಿಟ್ಟು ಬಸ್ಸಿಗೆ ಬರಲಿ ಎಂದು ಬೆಲೆ ಏರಿಸುವುದಾದರೆ ಮೊದಲು ಬಸ್ಸು ಬರಬೇಕು, ನೆರಳು ಬರಬೇಕು, ರಸ್ತೆ ದಾಟಲು ದಾರಿ ಬರಬೇಕು. ಏರಿದ ಬೆಲೆಯನ್ನು ನಾವು ಕಾರಿದ್ದವರು ಗೊಣಗುತ್ತ ಕೊಟ್ಟು ಮುಂದೆ ಹೋದೆವು. ಅದರ ನಿಜವಾದ ಬೆಲೆ ತೆತ್ತದ್ದು ಕಾರೇ ಇಲ್ಲದವಳು. ಇದನ್ನು ಮಾಡಿದ್ದು ಸರಕಾರವಲ್ಲ, ಪಿಕಪ್ ಲಿಸ್ಟ್ ಬರೆಯುವ ನಾನು.

ನಾಲ್ಕೂವರೆ ಸುಮಾರಿಗೆ ಹಿಲರಿಯ ಕಾರು ಬಂತು. ನಂಬರ್ ನನಗೆ ಬಾಯಿಪಾಠ. ನಮ್ಮ ಮನೆಯಲ್ಲಿ ಉಂಡು, ಐರಿನ್ ಮಾಡಿದ ಪಾಯಸ ಕುಡಿದು, ಬುದಯ್ಯ ರಸ್ತೆಯ ನರ್ಸರಿಗೆ ಬಂದಿದ್ದ. ಏಳು ಸೀಟಿನ ಕಾರಿನಲ್ಲಿ ಅವನೊಬ್ಬ, ಮತ್ತು ಹಿಂದಿನ ಸೀಟಿನಲ್ಲಿ ಬೆಲ್ಟ್ ಹಾಕಿ ಕೂರಿಸಿದ ಎರಡು ಮಲ್ಲಿಗೆ ಗಿಡ. ನಾನು ರಟ್ಟು ಕೆಳಗಿಟ್ಟು ಕೈ ಎತ್ತಿದೆ. ಅವನು ನನ್ನ ಕಡೆ ನೋಡಿದ, ನೋಡಿದ್ದು ನನಗೆ ಸ್ಪಷ್ಟವಾಗಿ ಕಂಡಿತು. ಕಾರು ನಿಲ್ಲಲಿಲ್ಲ. ಬೈಯಬೇಕೆಂದು ಬಾಯಿ ತೆರೆದೆ. ಬೈಗುಳ ಬರಲಿಲ್ಲ, ಯಾಕೆಂದರೆ ಚಳಿಗಾಲದ ಆ ಎರಡು ಶನಿವಾರ ಸ್ಟಿಯರಿಂಗ್ ಹಿಡಿದಿದ್ದವನು ನಾನು.

ಬಸ್ಸು ಐದಕ್ಕೆ ಹತ್ತು ನಿಮಿಷವಿರುವಾಗ ಬಂತು. ರಫೀಕ್‌ನಿಂದ ಚಿಲ್ಲರೆ ಮಾಡಿಸಿಕೊಂಡಿದ್ದೆ. ಹತ್ತುವ ಮೊದಲು ರಟ್ಟನ್ನು ಕಂಬದ ಹಿಂದೆ ಒರಗಿಸಿಟ್ಟೆ, ಯಾರಿಗಾದರೂ ಬೇಕಾದೀತು. ಹಿಂದಿನ ಕಿಟಕಿಯಿಂದ ನೋಡಿದಾಗ ಬಿಳಿ ಗೇಟು, ಕಂಬ, ಅದರ ಬುಡದಲ್ಲಿ ರಟ್ಟು ಮೂರೂ ಸ್ವಲ್ಪ ಹೊತ್ತು ಕಂಡವು. ಆಮೇಲೆ ಕಾರುಗಳು ಅಡ್ಡ ಬಂದವು.

ಬುಸೈತೀನ್ ಮುಟ್ಟಿದಾಗ ಏಳು ದಾಟಿತ್ತು. ಐರಿನ್ ಖಾಲಿ ಡಬ್ಬಿ ತೆಗೆದು ನೋಡಿ, ತೊಳೆದಿರುವುದನ್ನು ಕಂಡು, ಅಕ್ಕ ಉಂಡಳು ಎಂದು ತಿಳಿದುಕೊಂಡಳು. ಕುಳಿತು ಫೋನ್ ತೆರೆದೆ. ಗುಂಪಿನಲ್ಲಿ ಹಬ್ಬದ ಫೋಟೋಗಳು, ಬಾಳೆಲೆಗಳು, ನಾನು ಚಮಚ ಹಿಡಿದ ಚಿತ್ರ, ಮತ್ತು ಕೊನೆಯಲ್ಲಿ ಹಿಲರಿಯ ಸಂದೇಶ:

“ಬೆನ್ನಿ, ಬುದಯ್ಯ ರೋಡಲ್ಲಿ ಬಸ್ ಸ್ಟಾಪಲ್ಲಿ ಒಬ್ಬ ಥೇಟ್ ನಿನ್ನ ಹಾಗೇ ಇದ್ದ ಮಾರಾಯ. ಒಂದು ಸಲ ನಿಲ್ಲಿಸುವ ಅಂತ ಅನ್ನಿಸಿತು. ಮತ್ತೆ ಯೋಚಿಸಿದೆ, ನೀನು ಕೆಳಗಿಳಿದು ಟ್ಯಾಕ್ಸಿಯೇ ಹಿಡಿದಿರ್ತಿ, ಎಂತಕ್ಕೆ ಅಲ್ಲಿ ನಿಲ್ತಿ.”

ಕೆಳಗೆ ನಗುವ ಮುಖಗಳ ಸಾಲು ಬಿದ್ದಿತ್ತು. ನಾನು ಮೊದಲು ಪಿಕಪ್ ಲಿಸ್ಟ್ ತೆರೆದೆ. ಬುದಯ್ಯದ ಎದುರಿನ ‘ಬಸ್ ಉಂಟು’ ಅಳಿಸಿ ನನ್ನ ಹೆಸರು ಬರೆದೆ, ಪಕ್ಕದಲ್ಲಿ ‘ಪ್ರತಿ ಶುಕ್ರವಾರ’ ಎಂದೂ ಸೇರಿಸಿದೆ. ಇದರಿಂದ ಗುರ್ಮೀತ್‌ಗೆ ನೆರಳು ಸಿಗುವುದಿಲ್ಲ, ಬಸ್ಸು ಬೇಗ ಬರುವುದಿಲ್ಲ, ನನಗೆ ಗೊತ್ತಿದೆ. ಆಮೇಲೆ ಹಿಲರಿಗೆ ಉತ್ತರ ಬರೆದೆ.

“ಅದು ನಾನೇ. ಕೈ ಎತ್ತಿದ್ದೆ.”